ಒಂದೇ ಅಳತೆಯ ಎರಡು ಮನೆಗಳು, ಎರಡು ಬಗೆಯ ಆಸ್ತಿ ತೆರಿಗೆ: ಲೆಕ್ಕ ಹಾಕುವವರು ಯಾರು?

ಮೂಡಲಬಾಗಿಲು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಮ್ಮದು 30x40 ನಿವೇಶನದ ಎರಡು ಅಂತಸ್ತಿನ ಮನೆ. ಒಂದೊಂದು ಅಂತಸ್ತು ಸುಮಾರು ಸಾವಿರ ಚದರಡಿ ಇದೆ. ಕೆಳಗೆ ನಾವಿದ್ದೇವೆ, ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಇಷ್ಟು ವರ್ಷ ತಂದೆಯವರೇ ತೆರಿಗೆ ಕಟ್ಟುತ್ತಿದ್ದರು, ಈ ಏಪ್ರಿಲ್‌ನಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಪಕ್ಕದ ಮನೆಯವರದೂ ಅದೇ ಅಳತೆಯ ನಿವೇಶನ, ಹೆಚ್ಚುಕಡಿಮೆ ಅದೇ ವರ್ಷ ಕಟ್ಟಿದ ಮನೆ, ಆದರೆ ಅವರು ನಮಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಕಟ್ಟುತ್ತಿದ್ದಾರೆ. ಈ ಮೊತ್ತವನ್ನು ಯಾರು, ಯಾವ ಆಧಾರದ ಮೇಲೆ ನಿಗದಿ ಮಾಡುತ್ತಾರೆ? ನಿವೇಶನ ಕೊಳ್ಳುವಾಗ ಮುದ್ರಾಂಕ ಶುಲ್ಕ ಕೊಟ್ಟಾಗಿದೆ, ಕಟ್ಟುವಾಗ ನಕ್ಷೆ ಮಂಜೂರಾತಿಯ ಶುಲ್ಕ ಕೊಟ್ಟಾಗಿದೆ. ಇಷ್ಟಾದ ಮೇಲೂ ನಮ್ಮದೇ ಮನೆಗೆ ಪ್ರತಿ ವರ್ಷ ಹಣ ಕಟ್ಟುವುದು ಯಾವ ಲೆಕ್ಕದಲ್ಲಿ ಎಂಬುದನ್ನೂ ತಿಳಿದವರು ಹೇಳಬೇಕಾಗಿ ಕೋರಿಕೆ.

ಗಡಿಯಾರದ ಅಂಗಡಿ

ಪಕ್ಕದವರು ಬಾಡಿಗೆದಾರರನ್ನು ತೋರಿಸಿಲ್ಲ, ಅಷ್ಟೇ. ನಮ್ಮ ಬೀದಿಯಲ್ಲಿ ತೋರಿಸಿದವರನ್ನು ಹುಡುಕುವುದೇ ಕಷ್ಟ.

ಕೂಡುಕಳೆ

ಆರೋಪಕ್ಕೆ ಮುಂಚೆ ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ 2000ನೇ ಇಸವಿಯಿಂದ ಸ್ವಯಂ ಘೋಷಣೆಯ ಪದ್ಧತಿ ಇದೆ, ಅಂದರೆ ಲೆಕ್ಕ ಹಾಕಿ ಘೋಷಿಸುವ ಹೊಣೆ ಮಾಲೀಕನದೇ, ಪರಿಶೀಲಿಸುವ ಅಧಿಕಾರ ಪಾಲಿಕೆಯದು. 2008-09ರ ಸಾಲಿನಿಂದ ಅದಕ್ಕೆ ಘಟಕ ವಿಸ್ತೀರ್ಣ ಮೌಲ್ಯ ಎಂಬ ಆಧಾರ ಬಂತು. ನೋಂದಣಿ ಇಲಾಖೆ ಮುದ್ರಾಂಕ ಶುಲ್ಕಕ್ಕೆಂದು ಗೊತ್ತುಮಾಡುವ ಮಾರ್ಗಸೂಚಿ ಬೆಲೆಯನ್ನು ಅನುಸರಿಸಿ ನಗರವನ್ನು ಎ ಇಂದ ಎಫ್‌ವರೆಗೆ ಆರು ವಲಯಗಳಾಗಿ ವಿಂಗಡಿಸಿ, ಕಟ್ಟಡದ ಬಗೆ ಮತ್ತು ಬಳಕೆಯನ್ನು ನೋಡಿ ಒಂದು ಚದರಡಿಗೆ ತಿಂಗಳಿಗೆ ಇಷ್ಟು ಎಂದು ದರ ಗೊತ್ತುಮಾಡಿದ್ದಾರೆ. ವಾಸದ ಮನೆಯಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತ ವಾಸದ ಭಾಗದ ದರಕ್ಕಿಂತ ಎರಡು ಪಟ್ಟು. ಉದಾಹರಣೆಗೆ 2008ರ ಪಟ್ಟಿಯಲ್ಲಿ ಎ ವಲಯದ ಆರ್‌ಸಿಸಿ ಮನೆಗೆ ಬಾಡಿಗೆಯಾದರೆ 5 ರೂಪಾಯಿ, ಸ್ವಂತ ವಾಸವಾದರೆ 2 ರೂಪಾಯಿ 50 ಪೈಸೆ ಇತ್ತು. 2016ರಲ್ಲಿ ವಾಸದ ಕಟ್ಟಡಗಳಿಗೆ ಶೇ. 20, ಇತರ ಕಟ್ಟಡಗಳಿಗೆ ಶೇ. 25 ಏರಿಸಿದರು.

ಲೆಕ್ಕ ಸುಲಭವಾಗಲೆಂದು ನಿಮ್ಮ ವಲಯದ ಸ್ವಂತ ವಾಸದ ದರ 2 ರೂಪಾಯಿ, ಬಾಡಿಗೆಯ ದರ 4 ರೂಪಾಯಿ ಎಂದಿಟ್ಟುಕೊಳ್ಳಿ. ಕೆಳಗಿನ ಸಾವಿರ ಚದರಡಿಗೆ ಹತ್ತು ತಿಂಗಳಿಗೆ 20,000, ಮೇಲಿನದಕ್ಕೆ 40,000, ಒಟ್ಟು 60,000 ಆಯಿತು. ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಬಿಡುತ್ತಾರೆ, ಅದು ಶೇ. 12 ಎಂದುಕೊಂಡರೆ 7,200 ಕಳೆದು 52,800 ಉಳಿಯುತ್ತದೆ. ಇದು ತೆರಿಗೆಗೆ ಒಳಪಡುವ ವಾರ್ಷಿಕ ಮೌಲ್ಯ. ಇದರ ಶೇ. 20, ಎಂದರೆ 10,560, ಆಸ್ತಿ ತೆರಿಗೆ. ಅದರ ಮೇಲೆ ಶೇ. 24ರ ಉಪಕರ ಸೇರಿ ಸುಮಾರು 13,094 ರೂಪಾಯಿ. ಪಕ್ಕದವರು ಎರಡು ಅಂತಸ್ತನ್ನೂ ಸ್ವಂತ ವಾಸ ಎಂದು ತೋರಿಸಿದ್ದರೆ ಇದೇ ದಾರಿಯಲ್ಲಿ ಸುಮಾರು 8,730 ಬರುತ್ತದೆ. ನೀವು ಹೇಳಿದ ಮೂರನೇ ಒಂದು ಭಾಗದ ವ್ಯತ್ಯಾಸ ಇಲ್ಲೇ ಸಿಕ್ಕಿತು.

ಮೂಡಲಬಾಗಿಲು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಒಂದು ವಿಷಯ ಸೇರಿಸಬೇಕು. ಪಕ್ಕದವರ ಮೇಲಿನ ಮನೆಯಲ್ಲಿ ಅವರ ಮಗನ ಸಂಸಾರ ಇದೆ, ಬಾಡಿಗೆದಾರರಲ್ಲ.

ಕೂಡುಕಳೆ

ಹಾಗಿದ್ದರೆ ಅವರು ಕಟ್ಟುತ್ತಿರುವುದು ಸರಿಯಾಗಿಯೇ ಇದೆ ಎಂದು ನನಗನ್ನಿಸುತ್ತದೆ. ಬಾಡಿಗೆಗೆ ಕೊಡದ ಭಾಗವನ್ನು ಬಾಡಿಗೆ ಎಂದು ತೋರಿಸುವ ಅಗತ್ಯವಿಲ್ಲ.

ಸೀಗೆಕಾಯಿ

ವರ್ಷಕ್ಕೆ ಹನ್ನೆರಡು ತಿಂಗಳು ಬಾಡಿಗೆ ಎಣಿಸುವವರಿಂದ ಹತ್ತೇ ತಿಂಗಳ ಲೆಕ್ಕ ಕೇಳುವುದು ಏಕೆ?

ಕೂಡುಕಳೆ

ದುರಸ್ತಿ, ಸುಣ್ಣ ಬಣ್ಣ ಮುಂತಾದ ನಿರ್ವಹಣೆಯ ಖರ್ಚಿಗೆಂದು ಎರಡು ತಿಂಗಳನ್ನು ಮೊದಲೇ ಬಿಟ್ಟಿದ್ದಾರೆ. ಇನ್ನೊಂದು ಮಾತು, ಚಾವಣಿ ಇರುವ ವಾಹನ ನಿಲುಗಡೆಯ ಜಾಗಕ್ಕೂ ಬೇರೆ ದರದಲ್ಲಿ ಲೆಕ್ಕ ಇದೆ. ಅನೇಕರು ಅದನ್ನು ನಮೂದಿಸುವುದೇ ಇಲ್ಲ.

ಹಳೆಯ ಕಡತ

ನಾನು ಕಂದಾಯ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಊರಿನ ಹೆಸರು ಬೇಡ. ಈಗಿನ ಪದ್ಧತಿಯನ್ನು ಬೈಯುವವರಿಗೆ ಹಿಂದಿನದು ಹೇಗಿತ್ತು ಎಂಬುದು ತಿಳಿದಿರಲಿ. ಆಗ ವಾರ್ಷಿಕ ಬಾಡಿಗೆ ಮೌಲ್ಯವೇ ಆಧಾರ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬಂದೀತು ಎಂದು ಪರಿವೀಕ್ಷಕ ಅಂದಾಜು ಮಾಡಬೇಕಾಗಿತ್ತು. ಕಾನೂನಿನ ಪುಸ್ತಕದಲ್ಲಿ ಇದು ಚೆಂದವಾಗಿಯೇ ಕಾಣುತ್ತದೆ. ಆದರೆ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾ ಮಾಡಿದ ಅಂದಾಜು ಒಂದು ಮನೆಗೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಆಗುತ್ತಿತ್ತು. ಅದು ಹೇಗೆ ಬದಲಾಗುತ್ತಿತ್ತು ಎಂದು ನಾನು ವಿವರಿಸಬೇಕಾಗಿಲ್ಲ. ಇದರ ಜೊತೆಗೆ ಬಾಡಿಗೆ ನಿಯಂತ್ರಣ ಕಾಯ್ದೆಯ ತೊಡಕು ಬೇರೆ. ಹಳೆಯ ಪೇಟೆಯ ಕಟ್ಟಡಗಳಲ್ಲಿ ಕಾನೂನು ಒಪ್ಪುವ ಬಾಡಿಗೆ ದಶಕಗಳ ಹಿಂದಿನದಾಗಿದ್ದುದರಿಂದ, ನಗರದ ನಡುಮಧ್ಯದ ಮಳಿಗೆ ಕಟ್ಟುವ ತೆರಿಗೆ ಹೊರವಲಯದ ಹೊಸ ಮನೆಗಿಂತ ಕಡಿಮೆ ಇರುತ್ತಿತ್ತು.

ಈ ಕಗ್ಗಂಟನ್ನು ಬಿಡಿಸಲು 1993ರಲ್ಲಿ ಪಾಟ್ನಾ ನಗರ ವಿಸ್ತೀರ್ಣ, ಜಾಗ, ಕಟ್ಟಡದ ಬಗೆ, ಬಳಕೆ ಇವುಗಳ ಮೇಲೆ ದರ ಕಟ್ಟುವ ದಾರಿ ಹಿಡಿಯಿತು. ಆಮೇಲೆ ಅಹಮದಾಬಾದ್, ದೆಹಲಿ, ಬೆಂಗಳೂರು ತಮ್ಮ ತಮ್ಮ ಮಾರ್ಪಾಡುಗಳೊಂದಿಗೆ ಅದೇ ದಾರಿಗೆ ಬಂದವು. ಇದರಿಂದ ನೌಕರನ ವಿವೇಚನೆ ಕಡಿಮೆಯಾಯಿತು. ಪೂರ್ತಿ ಹೋಯಿತು ಎಂದು ಮಾತ್ರ ನಾನು ಹೇಳಲಾರೆ.

ಬೇವಿನಕಟ್ಟೆ

ಲೆಕ್ಕ ಸರಿ, ಆದರೆ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಮ್ಮ ಬಡಾವಣೆಗೆ ನೀರು ಬರುವುದು ಟ್ಯಾಂಕರ್‌ನಲ್ಲಿ. ಬೀದಿದೀಪ ಹಾಕಿಸಿದ್ದು ನಿವಾಸಿಗಳ ಸಂಘ. ಮಳೆ ಬಂದರೆ ರಸ್ತೆ ಯಾವುದು, ಚರಂಡಿ ಯಾವುದು ಎಂದು ತಿಳಿಯುವುದಿಲ್ಲ. ಸೇವೆ ಇಲ್ಲದ ಕಡೆ ತೆರಿಗೆ ಏಕೆ? ಅಂಗಡಿಯವನು ಅಕ್ಕಿ ಕೊಡದೆ ಹಣ ಕೇಳಿದರೆ ನಾವು ಕೊಡುತ್ತೇವೆಯೇ?

ನ್ಯಾಯದೇಗುಲ

ಬೇವಿನಕಟ್ಟೆಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು, ವಾದ ಮಾತ್ರ ನಿಲ್ಲುವುದಿಲ್ಲ. ಶುಲ್ಕ ಬೇರೆ, ತೆರಿಗೆ ಬೇರೆ. ಶುಲ್ಕಕ್ಕೂ ಸೇವೆಗೂ ಸಂಬಂಧ ತೋರಿಸಬೇಕಾಗುತ್ತದೆ. ತೆರಿಗೆ ಸಾರ್ವಜನಿಕ ಖರ್ಚಿಗಾಗಿ ಎಲ್ಲರಿಂದ ಎತ್ತುವ ಹಣ, ಇಂಥ ಸೇವೆಗೆ ಇಷ್ಟು ಎಂಬ ಕರಾರು ಅದರಲ್ಲಿಲ್ಲ. ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 49ನೆಯ ನಮೂದು. ಅದನ್ನು ವಿಧಿಸಿ ವಸೂಲು ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರ ತನ್ನ ಕಾಯ್ದೆಗಳ ಮೂಲಕ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. ಬೆಂಗಳೂರಿಗೆ ಪ್ರತ್ಯೇಕ ಕಾಯ್ದೆ, ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ, ಪುರಸಭೆಗಳಿಗೆ 1964ರ ಕಾಯ್ದೆ, ಗ್ರಾಮ ಪಂಚಾಯಿತಿಗಳಿಗೆ 1993ರ ಕಾಯ್ದೆ ಇವೆ. ಬಾಕಿ ಉಳಿಸಿಕೊಂಡರೆ ಅದು ಆಸ್ತಿಯ ಮೇಲೆಯೇ ಹೊರೆಯಾಗಿ ನಿಲ್ಲುತ್ತದೆ, ಚರಾಸ್ತಿಯನ್ನು ಜಪ್ತಿ ಮಾಡುವ ಅಧಿಕಾರವೂ ಇದೆ. ರಸ್ತೆ ಸರಿಯಿಲ್ಲ ಎಂಬುದು ನೋಟಿಸಿಗೆ ಉತ್ತರವಾಗಲಾರದು.

ಬೇವಿನಕಟ್ಟೆ

ಕಾನೂನು ಹಾಗಿದೆ ಎಂಬುದು ಅದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ತೆರಿಗೆಗೂ ಸೇವೆಗೂ ಸಂಬಂಧವಿಲ್ಲ ಎನ್ನುವುದಾದರೆ, 2025ರ ಏಪ್ರಿಲ್‌ನಿಂದ ಕಸಕ್ಕೆಂದು ಪ್ರತ್ಯೇಕ ಬಳಕೆದಾರ ಶುಲ್ಕವನ್ನು ಅದೇ ತೆರಿಗೆಯ ಜೊತೆಯಲ್ಲಿ ಸೇರಿಸಿ ವಸೂಲು ಮಾಡುತ್ತಿರುವುದೇಕೆ? ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ ಅದು ಹೋಗುತ್ತದೆ. ಶುಲ್ಕ ಎಂದ ಮೇಲೆ ಕಸದ ಗಾಡಿ ಬಾರದ ದಿನ ಕಡಿತ ಮಾಡಬೇಕಲ್ಲವೇ?

ನ್ಯಾಯದೇಗುಲ

ಆ ಪ್ರಶ್ನೆಯನ್ನು ಶುಲ್ಕದ ಮಟ್ಟಿಗೆ ಕೇಳಲು ನಿಮಗೆ ಪೂರ್ಣ ಹಕ್ಕಿದೆ. ತೆರಿಗೆಯ ಮಟ್ಟಿಗೆ ಕೇಳಬೇಕಾದ ಸ್ಥಳ ವಾರ್ಡ್ ಸಮಿತಿ ಮತ್ತು ಚುನಾವಣೆ.

ಬೇವಿನಕಟ್ಟೆ

ಚುನಾಯಿತ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಾದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು, ತೆರಿಗೆ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಚುನಾವಣೆಯಲ್ಲಿ ಕೇಳಿ ಎನ್ನುವವರು ಇದನ್ನೂ ಗಮನಿಸಬೇಕು.

ಹಳೆಯ ಕಡತ

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಇಲಾಖೆಯಲ್ಲಿದ್ದಾಗಲೂ ಇರಲಿಲ್ಲ.

ಉಣಕಲ್ ದಂಡೆ

ಚರ್ಚೆ ಬೆಂಗಳೂರಿನ ಸುತ್ತಲೇ ತಿರುಗುತ್ತಿದೆ. ಉಳಿದ ಊರುಗಳಲ್ಲಿರುವವರು ಮೇಲಿನ ಸೂತ್ರ ಹಿಡಿದು ಲೆಕ್ಕಕ್ಕೆ ಕುಳಿತರೆ ಉತ್ತರ ತಾಳೆಯಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿ ಮುಂತಾದ ಪಾಲಿಕೆಗಳಲ್ಲಿ ಬಂಡವಾಳ ಮೌಲ್ಯದ ಪದ್ಧತಿ ಇದೆ. ಇಲ್ಲಿ ಬಾಡಿಗೆ ಎಷ್ಟು ಬಂದೀತು ಎಂದು ಕೇಳುವುದಿಲ್ಲ, ಆಸ್ತಿ ಎಷ್ಟು ಬೆಲೆ ಬಾಳುತ್ತದೆ ಎಂದು ಕೇಳುತ್ತಾರೆ. ನಿವೇಶನಕ್ಕೆ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ ಹಿಡಿದು, ಕಟ್ಟಡದ ಬೆಲೆ ಸೇರಿಸಿ, ಸವಕಳಿ ಕಳೆದು, ಅದರ ಒಂದು ಭಾಗವನ್ನಷ್ಟೇ ತೆರಿಗೆಗೆ ಒಳಪಡುವ ಮೌಲ್ಯ ಎಂದು ಇಟ್ಟುಕೊಂಡು, ಅದರ ಮೇಲೆ ಸ್ಥಳೀಯ ಸಂಸ್ಥೆ ಕಾನೂನಿನ ಮಿತಿಯೊಳಗೆ ಗೊತ್ತುಮಾಡಿದ ಶೇಕಡಾ ದರ ಹಾಕುತ್ತಾರೆ. 2021ರ ತಿದ್ದುಪಡಿಯಿಂದೀಚೆಗೆ ವರ್ಷಕ್ಕೆ ಶೇ. 3ರಿಂದ 5ರವರೆಗೆ ಏರಿಸುವ ವ್ಯವಸ್ಥೆಯೂ ಸೇರಿತು. 15ನೆಯ ಹಣಕಾಸು ಆಯೋಗವು ನಗರ ಸಂಸ್ಥೆಗಳಿಗೆ ಅನುದಾನ ಬೇಕಾದರೆ ರಾಜ್ಯಗಳು ಆಸ್ತಿ ತೆರಿಗೆಯ ಕನಿಷ್ಠ ದರಗಳನ್ನು ಪ್ರಕಟಿಸಬೇಕು, ರಾಜ್ಯದ ಉತ್ಪನ್ನ ಬೆಳೆದಂತೆ ವಸೂಲಿಯೂ ಬೆಳೆಯಬೇಕು ಎಂದು ಷರತ್ತು ಹಾಕಿದ್ದೇ ಇದರ ಹಿಂದಿನ ಒತ್ತಡ.

ನಮ್ಮ ಕಡೆಯ ಕಷ್ಟ ಬೇರೆ. ಮಾರ್ಗಸೂಚಿ ಬೆಲೆಯನ್ನು ನೋಂದಣಿ ಇಲಾಖೆ ಮುದ್ರಾಂಕ ಶುಲ್ಕಕ್ಕಾಗಿ ಏರಿಸುತ್ತದೆ, 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಏರಿಸಿತು. ಮಾರುವವನಿಗೂ ಕೊಳ್ಳುವವನಿಗೂ ಅದರ ಬಿಸಿ ಒಂದೇ ದಿನ ತಟ್ಟಿ ಮುಗಿಯುತ್ತದೆ. ಮನೆಯನ್ನು ಮಾರುವ ಯೋಚನೆಯೇ ಇಲ್ಲದೆ ಅದರಲ್ಲೇ ಬಾಳಿ ಹೋಗುವವನ ತೆರಿಗೆಯನ್ನೂ ಅದೇ ಬೆಲೆಗೆ ಕಟ್ಟಿಹಾಕಿರುವುದು ನನಗಂತೂ ಸರಿ ಕಾಣುವುದಿಲ್ಲ.

ಗಾಂಧಿಬಜಾರು

ಉಣಕಲ್ ದಂಡೆಯವರ ಮಾತು ಬೆಂಗಳೂರಿಗೂ ಬರುವುದರಲ್ಲಿತ್ತು. ಮಾರ್ಗಸೂಚಿ ಬೆಲೆಗೆ ನೇರವಾಗಿ ತೆರಿಗೆ ಜೋಡಿಸುವ ಕರಡನ್ನು 2024ರ ಫೆಬ್ರವರಿಯಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆಯಾದ ಬಿಬಿಎಂಪಿ ಪ್ರಕಟಿಸಿತ್ತು, ವಿರೋಧ ಬಂದ ಮೇಲೆ ಜಾರಿಯಾಗಲಿಲ್ಲ. ನಮ್ಮ ಬಸವನಗುಡಿಯಲ್ಲಿ ಹಿಂದಿನ ತಲೆಮಾರು ಕಟ್ಟಿದ ಮನೆಗಳಲ್ಲಿ ಪಿಂಚಣಿಯ ಮೇಲೆ ಬದುಕುವ ವೃದ್ಧರು ಬಹಳ ಮಂದಿ ಇದ್ದಾರೆ. ಕಾಗದದ ಮೇಲೆ ಅವರು ಕೋಟ್ಯಧೀಶರು, ತಿಂಗಳ ಕೊನೆಗೆ ಔಷಧಿಗೆ ಲೆಕ್ಕ ಹಾಕುವವರು. ಆಸ್ತಿಯ ಬೆಲೆ ನೋಡುವ ತೆರಿಗೆ ಕೈಯಲ್ಲಿರುವ ಹಣವನ್ನು ನೋಡುವುದಿಲ್ಲ ಎಂಬುದೇ ಅದರ ದೊಡ್ಡ ದೋಷ.

ಕೂಡುಕಳೆ

ಅದರ ಇನ್ನೊಂದು ಮುಖವನ್ನೂ ನೋಡಬೇಕು. ಮನೆಯ ಬೆಲೆ ಏರಿದ್ದು ಮಾಲೀಕನ ದುಡಿಮೆಯಿಂದಲ್ಲ. ಸುತ್ತ ಮೆಟ್ರೋ, ರಸ್ತೆ, ಶಾಲೆ, ಆಸ್ಪತ್ರೆ ಬಂದದ್ದರಿಂದ ಏರಿತು. ಅದರಲ್ಲಿ ಸಣ್ಣ ಪಾಲು ನಗರಕ್ಕೆ ಹಿಂದಿರುಗಬೇಕು ಎನ್ನುವುದು ಅನ್ಯಾಯವಲ್ಲ. 2016-17ರ ಕೇಂದ್ರದ ಆರ್ಥಿಕ ಸಮೀಕ್ಷೆ ಉಪಗ್ರಹ ಚಿತ್ರಗಳ ನೆರವಿನಿಂದ ಬೆಂಗಳೂರು ಮತ್ತು ಜೈಪುರಗಳನ್ನು ಪರಿಶೀಲಿಸಿ, ಬರಬಹುದಾದ ಆಸ್ತಿ ತೆರಿಗೆಯಲ್ಲಿ ಈ ನಗರಗಳಿಗೆ ಬರುತ್ತಿರುವುದು ಶೇ. 5ರಿಂದ 20 ಮಾತ್ರ ಎಂದು ಹೇಳಿತ್ತು. ಬಸವನಗುಡಿಯ ಅಜ್ಜಿಗೆ ರಿಯಾಯಿತಿ ಕೊಡೋಣ. ಆದರೆ ಅವರ ಹೆಸರು ಮುಂದಿಟ್ಟುಕೊಂಡು ಪಕ್ಕದಲ್ಲಿ ಮೂರು ಮಹಡಿ ಎಬ್ಬಿಸಿ ಎಲ್ಲವನ್ನೂ ಸ್ವಂತ ವಾಸ ಎಂದು ಘೋಷಿಸುವವರಿಗೂ ಅದೇ ರಿಯಾಯಿತಿ ಹೋಗುತ್ತಿದೆ.

ಗಾಂಧಿಬಜಾರು

ಕಳ್ಳರನ್ನು ಹಿಡಿಯುವುದು ಅಧಿಕಾರಿಗಳ ಕೆಲಸ, ಅದಕ್ಕಾಗಿ ದರವನ್ನೇ ಏರಿಸಿದರೆ ಪ್ರಾಮಾಣಿಕರು ಎರಡು ಸಲ ಕಟ್ಟಿದಂತಾಗುತ್ತದೆ.

ಡಾಲಸ್ ಕನ್ನಡಿಗ

ದೂರದಿಂದ ಓದುತ್ತಿದ್ದೇನೆ, ಒಂದು ಹೋಲಿಕೆ ಕೊಡಬಹುದೇ? ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದರ ಭಾರವೆಲ್ಲ ಮನೆಯ ಮೇಲೆ ಬೀಳುತ್ತದೆ. ಮಾರುಕಟ್ಟೆ ಬೆಲೆಯ ಸುಮಾರು ಶೇ. 2ರ ಆಸುಪಾಸಿನಲ್ಲಿ ಪ್ರತಿ ವರ್ಷ ಕಟ್ಟುವ ಮನೆಗಳು ಇಲ್ಲಿ ಸಾಮಾನ್ಯ, ಅದರಲ್ಲಿ ದೊಡ್ಡ ಪಾಲು ಆ ಪ್ರದೇಶದ ಶಾಲೆಗಳಿಗೆ ಹೋಗುತ್ತದೆ. ಬೆಲೆ ಹೆಚ್ಚು ಕಟ್ಟಿದ್ದಾರೆ ಎನ್ನಿಸಿದರೆ ನಾವು ತಕರಾರು ಅರ್ಜಿ ಹಾಕುತ್ತೇವೆ, ಅದು ಇಲ್ಲಿ ವಾರ್ಷಿಕ ಹಬ್ಬದಂತೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗಾಂಧಿಬಜಾರಿನವರು ಹೇಳಿದ ವೃದ್ಧರ ಪ್ರಶ್ನೆಯೇ ಎದ್ದು, 1978ರಲ್ಲಿ ಜನಮತದ ಮೂಲಕ ದರವನ್ನು ಶೇ. 1ಕ್ಕೆ ನಿಲ್ಲಿಸಿ, ತೆರಿಗೆಗೆ ಹಿಡಿಯುವ ಮನೆಯ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ಮಾಡಿದರು, ಮನೆ ಮಾರಾಟವಾದಾಗ ಹೊಸ ಬೆಲೆ ಬರುತ್ತದೆ. ಫಲವಾಗಿ ಅಲ್ಲಿ ಒಂದೇ ಬೀದಿಯ ಒಂದೇ ತರಹದ ಎರಡು ಮನೆಗಳ ತೆರಿಗೆಯಲ್ಲಿ ಹಲವು ಪಟ್ಟು ಅಂತರ ಇರುತ್ತದೆ.

ಸೀಗೆಕಾಯಿ

ಶಾಲೆ ಕೊಟ್ಟು ತೆರಿಗೆ ಕೇಳಿದರೆ ಬೇವಿನಕಟ್ಟೆಯವರೂ ಕಟ್ಟುತ್ತಾರೆ.

ಮಾವಿನತೋಪು

ಉಪಕರ ಶೇ. 24 ಎಂದು ಮೇಲೆ ಬರೆದಿದ್ದೀರಿ. ಅದರಲ್ಲಿ ಏನೇನು ಇದೆ ಎಂಬುದನ್ನು ಯಾರಾದರೂ ತಿಳಿಸುವಿರಾ? ರಶೀದಿಯಲ್ಲಿ ಭಿಕ್ಷುಕರ ಉಪಕರ ಎಂದು ನೋಡಿ ಆಶ್ಚರ್ಯವಾಯಿತು.

ಹಳೆಯ ಕಡತ

ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3. ಇವು ಆಸ್ತಿಯ ಮೌಲ್ಯದ ಮೇಲಲ್ಲ, ತೆರಿಗೆಯ ಮೊತ್ತದ ಮೇಲೆ ಬೀಳುತ್ತವೆ. ಗ್ರಂಥಾಲಯದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ಭಿಕ್ಷುಕರದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ, ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವುದಕ್ಕಾಗಿ. ಪಾಲಿಕೆ ಇವುಗಳನ್ನು ವಸೂಲು ಮಾಡಿ ಆಯಾ ಇಲಾಖೆಗಳಿಗೆ ದಾಟಿಸಬೇಕು. ದಾಟಿಸದೆ ಉಳಿಸಿಕೊಳ್ಳುವ ತಕರಾರು ಪ್ರತಿ ಬಜೆಟ್ಟಿನ ಕಾಲಕ್ಕೂ ಕೇಳಿಬರುತ್ತದೆ, ಅದರ ನಷ್ಟ ಅನುಭವಿಸುವವರು ಬಡಾವಣೆಯ ವಾಚನಾಲಯಕ್ಕೆ ಪೇಪರ್ ಓದಲು ಹೋಗುವವರು.

ಹೊಸಕೆರೆ ಪಾಳ್ಯ

ನಮ್ಮದು ಬಿ ಖಾತೆ. ಹಲವು ವರ್ಷಗಳಿಂದ ತಪ್ಪದೆ ತೆರಿಗೆ ಕಟ್ಟಿದ್ದೇವೆ, ಎಲ್ಲ ರಶೀದಿಗಳೂ ಇವೆ. ಇಷ್ಟು ವರ್ಷ ಹಣ ತೆಗೆದುಕೊಂಡ ಮೇಲೆ ನಮ್ಮ ಕಟ್ಟಡ ಸಕ್ರಮ ಎಂದು ಅವರೇ ಒಪ್ಪಿಕೊಂಡಂತಾಯಿತು ಎಂದು ನಮ್ಮ ಬ್ರೋಕರ್ ಹೇಳುತ್ತಾರೆ. ನಿಜವೇ?

ನ್ಯಾಯದೇಗುಲ

ನಿಜವಲ್ಲ. ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ, ಏಕೆಂದರೆ ಇದೇ ಮಾತನ್ನು ನಂಬಿ ಜನರು ಜೀವಮಾನದ ಉಳಿತಾಯವನ್ನು ಹಾಕಿದ್ದಾರೆ. ಅನಧಿಕೃತ ಕಟ್ಟಡದಿಂದಲೂ ತೆರಿಗೆ ಪಡೆಯಬಹುದು, ಹಾಗೆ ಪಡೆದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ ಎಂದು ಕಾನೂನಿನಲ್ಲೇ ಬರೆದಿದೆ. ಅಂಥ ಆಸ್ತಿಗಳನ್ನು ಪ್ರತ್ಯೇಕ ವಹಿಯಲ್ಲಿ ನಮೂದಿಸಿದ್ದನ್ನೇ ಜನ ಬಿ ಖಾತೆ ಎಂದು ಕರೆದರು. ಎ ಖಾತೆ ಇದ್ದರೂ ಅದು ಮಾಲೀಕತ್ವದ ಪತ್ರವಲ್ಲ, ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂಬ ಪಾಲಿಕೆಯ ಲೆಕ್ಕದ ಪುಟ ಅಷ್ಟೇ. ಮಾಲೀಕತ್ವ ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಇಂಥ ದಾಖಲೆಗಳಿಂದ. ರಶೀದಿಗಳನ್ನು ಜೋಪಾನ ಮಾಡಿ. ಸ್ವಾಧೀನಾನುಭವಕ್ಕೆ ಪೂರಕ ಸಾಕ್ಷಿಯಾಗಿ ಅವು ಉಪಯೋಗಕ್ಕೆ ಬರುತ್ತವೆ. ಆದರೆ ಅವುಗಳನ್ನು ತೋರಿಸಿ ಯಾರಾದರೂ ನಿವೇಶನ ಮಾರಲು ಬಂದರೆ ಕ್ರಯಪತ್ರ ಮತ್ತು ಋಣಭಾರ ಪತ್ರ ಕೇಳಿ.

ಹೊಸಕೆರೆ ಪಾಳ್ಯ

ಅಂದರೆ ಹಣ ತೆಗೆದುಕೊಳ್ಳಲು ನಾವು ಬೇಕು, ಹಕ್ಕು ಕೇಳಿದರೆ ನಾವು ಅನಧಿಕೃತರು.

ನ್ಯಾಯದೇಗುಲ

ಸದ್ಯದ ಸ್ಥಿತಿ ಅದೇ. ಕಟ್ಟದೆ ಬಿಟ್ಟರೆ ಇನ್ನೂ ಕೆಟ್ಟದಾಗುತ್ತದೆ. ಮುಂದೆ ಯಾವುದೇ ಸಕ್ರಮ ಯೋಜನೆ ಬಂದರೂ ಬಾಕಿ ತೀರಿಸಿದ ರಶೀದಿಯನ್ನೇ ಮೊದಲು ಕೇಳುವುದು.

ಬಯಲುಸೀಮೆ ಮೇಷ್ಟ್ರು

ಹಳ್ಳಿಯ ಕಡೆಗೂ ಒಂದು ನೋಟ ಹರಿಸಿ. ನಮ್ಮಲ್ಲಿ ಮನೆ ಕಂದಾಯ ಕಟ್ಟುವುದು ಗ್ರಾಮ ಪಂಚಾಯಿತಿಗೆ, ಜಮೀನಿನ ಕಂದಾಯ ಹೋಗುವುದು ಕಂದಾಯ ಇಲಾಖೆಗೆ. ಇವೆರಡನ್ನೂ ಒಂದೇ ಎಂದು ತಿಳಿದು ಗ್ರಾಮ ಲೆಕ್ಕಿಗರ ಹತ್ತಿರ ಮನೆಯ ರಶೀದಿ ಕೇಳುವವರು ಈಗಲೂ ಇದ್ದಾರೆ. ಪಂಚಾಯಿತಿಯ ಆಸ್ತಿಗೆ ಇ-ಸ್ವತ್ತು ಎಂಬ ಗಣಕೀಕೃತ ದಾಖಲೆಯಲ್ಲಿ ನಮೂನೆ 9 ಮತ್ತು ನಮೂನೆ 11 ಇರಬೇಕು. ನಿಯಮದಂತೆ ಆಗದ ನಿವೇಶನಗಳಿಗೆ 11ಬಿ ಕೊಡುತ್ತಾರೆ, ಪೇಟೆಯ ಬಿ ಖಾತೆಯ ಕಥೆಯೇ ಇಲ್ಲಿಯದೂ.

ನಮ್ಮ ಪಕ್ಕದ ಪಂಚಾಯಿತಿಯೊಂದರಲ್ಲಿ ಕರ ವಸೂಲಿಗಾರ ಹಣ ಪಡೆದು ಬಿಳಿಹಾಳೆಯ ಮೇಲೆ ಸಹಿ ಹಾಕಿ ಕೊಡುತ್ತಿದ್ದ. ಮಗಳ ಮದುವೆಗೆ ಸಾಲ ಕೇಳಲು ಬ್ಯಾಂಕಿಗೆ ಹೋದ ರೈತನಿಗೆ ಹಲವು ವರ್ಷಗಳ ಬಾಕಿ ಇದೆ ಎಂದು ತಿಳಿದದ್ದು ಆಗಲೇ. ಆದ್ದರಿಂದ ಗಣಕೀಕೃತ ರಶೀದಿ ಕೈಗೆ ಬರುವವರೆಗೆ ಜಗಲಿ ಬಿಟ್ಟು ಏಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ವಸೂಲಿಯಾದ ಹಣ ಪಂಚಾಯಿತಿಯ ಸ್ವಂತ ನಿಧಿ. ಮೇಲಿನಿಂದ ಬರುವ ಅನುದಾನ ಇಂಥದ್ದಕ್ಕೇ ಖರ್ಚಾಗಬೇಕು ಎಂಬ ಕಟ್ಟು ಹೊತ್ತು ಬರುತ್ತದೆ. ಕುಡಿಯುವ ನೀರಿನ ಮೋಟರ್ ರಾತ್ರಿ ಸುಟ್ಟರೆ ಬೆಳಿಗ್ಗೆ ಕೈಗೆ ಸಿಗುವುದು ಈ ಹಣ ಮಾತ್ರ. ಬೇವಿನಕಟ್ಟೆಯವರ ಪ್ರಶ್ನೆಗೆ ಹಳ್ಳಿಯಲ್ಲಿ ಉತ್ತರ ಕಣ್ಣಿಗೆ ಕಾಣುತ್ತದೆ, ನಗರದಲ್ಲಿ ಅದು ಸಾವಿರಾರು ಕೋಟಿಯೊಳಗೆ ಕರಗಿಹೋಗುತ್ತದೆ.

ಬೇವಿನಕಟ್ಟೆ

ಮೇಷ್ಟ್ರೇ, ನೀವು ಹೇಳಿದ ರೀತಿಯಲ್ಲಿ ಲೆಕ್ಕ ಕಾಣುವುದಾದರೆ ನನ್ನ ತಕರಾರಿನ ಅರ್ಧ ಭಾಗ ಹಿಂದೆಗೆದುಕೊಳ್ಳುತ್ತೇನೆ. ಉಳಿದರ್ಧ ಟ್ಯಾಂಕರ್ ನಿಲ್ಲುವವರೆಗೆ ಇರಲಿ.

ಮೂಡಲಬಾಗಿಲು

ತಂದೆಯವರ ಹಳೆಯ ರಶೀದಿಗಳನ್ನು ನೋಡಿದೆ. ಮೇಲಿನ ಮನೆಯನ್ನು ಬಾಡಿಗೆ ಎಂದೇ ತೋರಿಸಿದ್ದಾರೆ, ವಲಯವೂ ಸರಿಯಾಗಿದೆ. ಆದರೆ ಹಿಂದೆ ಒಂದು ಕೋಣೆಯನ್ನು ಚಾವಣಿಯ ಮೇಲೆ ಕಟ್ಟಿದ್ದೇವೆ, ಅದು ಲೆಕ್ಕದಲ್ಲಿಲ್ಲ. ಈ ವರ್ಷ ಅದನ್ನು ಹೇಗೆ ಸೇರಿಸಬೇಕು?

ಕೂಡುಕಳೆ

ಕಳೆದ ವರ್ಷಕ್ಕೂ ಈ ವರ್ಷಕ್ಕೂ ಬದಲಾವಣೆ ಇಲ್ಲದವರಿಗೆ ನಮೂನೆ 4, ವಿಸ್ತೀರ್ಣ ಅಥವಾ ಬಳಕೆ ಬದಲಾಗಿದ್ದರೆ ನಮೂನೆ 5. ನಿಮಗೆ ಎರಡನೆಯದು. ಅದರಲ್ಲಿ ಕೋಣೆಯ ವಿಸ್ತೀರ್ಣ, ಕಟ್ಟಿದ ವರ್ಷ ನಮೂದಿಸಿ. ಏಪ್ರಿಲ್‌ನಲ್ಲಿ ಪೂರ್ತಿ ಮೊತ್ತ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ, ಆಗದಿದ್ದರೆ ಎರಡು ಕಂತುಗಳಲ್ಲಿ ಕಟ್ಟಬಹುದು. ಹಿಂದಿನ ವರ್ಷಗಳ ವ್ಯತ್ಯಾಸವನ್ನು ನೀವಾಗಿಯೇ ತೋರಿಸಿ ಕಟ್ಟುವುದು ಕ್ಷೇಮ. ಅವರು ಕಂಡುಹಿಡಿದರೆ ವ್ಯತ್ಯಾಸದ ಜೊತೆಗೆ ದಂಡವೂ ಬಡ್ಡಿಯೂ ಸೇರುತ್ತವೆ. 2016ರಲ್ಲಿ ವಲಯಗಳನ್ನು ಮರುವಿಂಗಡಿಸಿದ್ದನ್ನು ಗಮನಿಸದೆ ಹಳೆಯ ವಲಯದಲ್ಲೇ ಕಟ್ಟಿದವರಿಗೆ ವರ್ಷಗಳ ನಂತರ ನೋಟಿಸು ಬಂದು ನಗರದಲ್ಲೆಲ್ಲ ಗದ್ದಲವಾಗಿತ್ತು. 2024ರಲ್ಲಿ ಬಡ್ಡಿ ಮನ್ನಾ ಮಾಡಿದ ಒಂದು ಬಾರಿಯ ಇತ್ಯರ್ಥ ಯೋಜನೆ ಬಂದಿತ್ತು, ಅದು ಆ ವರ್ಷದ ನವೆಂಬರ್ 30ಕ್ಕೇ ಮುಗಿಯಿತು. ಇನ್ನೊಂದು ಬರುತ್ತದೆ ಎಂದು ಕಾಯುವುದು ಜಾಣತನವಲ್ಲ.

ಗಡಿಯಾರದ ಅಂಗಡಿ

ಕಾದವರಿಗೇ ಪ್ರತಿ ಸಲ ಲಾಭವಾಗಿದೆ ಎಂಬುದನ್ನೂ ಬರೆಯಿರಿ. ನೆಟ್ಟಗೆ ಕಟ್ಟಿದವರಿಗೆ ಶೇ. 5, ಕಟ್ಟದೆ ಕುಳಿತವರಿಗೆ ಬಡ್ಡಿ ಪೂರ್ತಿ ಮನ್ನಾ.

ಕೂಡುಕಳೆ

ಇದನ್ನು ಒಪ್ಪುತ್ತೇನೆ. ಇಂಥ ಯೋಜನೆಗಳು ಆ ವರ್ಷದ ವಸೂಲಿಯನ್ನು ಹೆಚ್ಚಿಸಿ ಮುಂದಿನ ವರ್ಷಗಳ ಶಿಸ್ತನ್ನು ಕೆಡಿಸುತ್ತವೆ.

ಬಾಡಿಗೆ ಗೂಡು

ಬಾಡಿಗೆದಾರಳಾಗಿ ನನ್ನದೊಂದು ಪ್ರಶ್ನೆ. ನಮ್ಮ ಮನೆಯ ಮಾಲೀಕರು ಆಸ್ತಿ ತೆರಿಗೆ ಏರಿತು ಎಂದು ಹೇಳಿ ಬಾಡಿಗೆಯನ್ನು ತಿಂಗಳಿಗೆ ಎರಡು ಸಾವಿರ ಏರಿಸಿದ್ದಾರೆ. ಮೇಲಿನ ಲೆಕ್ಕ ನೋಡಿದರೆ ಇಡೀ ವರ್ಷದ ತೆರಿಗೆಯೇ ಹದಿಮೂರು ಸಾವಿರ. ತೆರಿಗೆಯನ್ನು ಬಾಡಿಗೆದಾರರ ಮೇಲೆ ಹಾಕಲು ಅವರಿಗೆ ಅಧಿಕಾರವಿದೆಯೇ?

ನ್ಯಾಯದೇಗುಲ

ತೆರಿಗೆ ಕಟ್ಟುವ ಪ್ರಾಥಮಿಕ ಹೊಣೆ ಮಾಲೀಕರದು. ಕರಾರುಪತ್ರದಲ್ಲಿ ಬಾಡಿಗೆದಾರರು ಕಟ್ಟಬೇಕು ಎಂದು ಬರೆದಿದ್ದರೆ ಅದು ನಿಮ್ಮಿಬ್ಬರ ನಡುವಿನ ಮಾತು, ಬರೆಯದಿದ್ದರೆ ಸಾಮಾನ್ಯವಾಗಿ ಪ್ರತ್ಯೇಕವಾಗಿ ಕೇಳುವಂತಿಲ್ಲ. ಬಾಡಿಗೆಯನ್ನು ಏರಿಸುವುದಕ್ಕೂ ಕರಾರಿನ ಅವಧಿ, ಷರತ್ತುಗಳೇ ಆಧಾರ. ಅವರು ಕೊಟ್ಟ ಕಾರಣ ಸುಳ್ಳೆಂದು ತೋರಿಸಲು ರಶೀದಿ ಕೇಳಿ ನೋಡಿ. ಬಹುಮಟ್ಟಿಗೆ ತೋರಿಸುವುದಿಲ್ಲ, ಏಕೆಂದರೆ ಅದರಲ್ಲಿ ನಿಮ್ಮ ಮನೆ ಸ್ವಂತ ವಾಸ ಎಂದು ಇರುವ ಸಾಧ್ಯತೆ ಉಂಟು.

ಕೂಡುಕಳೆ

ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ಬಾಡಿಗೆ ಆದಾಯ ತೋರಿಸುವ ಮಾಲೀಕರು ಆ ವರ್ಷ ತಾವು ಕಟ್ಟಿದ ಆಸ್ತಿ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಯಿಂದ ಕಳೆಯಬಹುದು, ಉಳಿದದ್ದರಲ್ಲಿ ಮತ್ತೆ ಶೇ. 30 ಬಿಡುತ್ತಾರೆ. ಕಟ್ಟಿದ ವರ್ಷಕ್ಕೆ ಮಾತ್ರ ಈ ಸೌಲಭ್ಯ, ಬಾಕಿ ಇಟ್ಟರೆ ಇಲ್ಲ. ಆದಾಯ ತೆರಿಗೆಗೆ ಬಾಡಿಗೆ, ಪಾಲಿಕೆಗೆ ಸ್ವಂತ ವಾಸ ಎಂದು ಎರಡು ಕಡೆ ಎರಡು ಮಾತು ಹೇಳುವವರು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ.

ಮಾವಿನತೋಪು

ಕೊನೆಯದಾಗಿ ನನ್ನದೂ ಒಂದು ಪ್ರಶ್ನೆ. ನಮ್ಮ ತಂದೆಯವರು ತೀರಿಕೊಂಡಿದ್ದಾರೆ, ಖಾತೆ ಇನ್ನೂ ಅವರ ಹೆಸರಿನಲ್ಲೇ ಇದೆ. ನಾನೇ ಪ್ರತಿ ವರ್ಷ ತೆರಿಗೆ ಕಟ್ಟುತ್ತಿದ್ದೇನೆ, ಅಣ್ಣಂದಿರು ಕಟ್ಟುವುದಿಲ್ಲ. ನಾನು ಕಟ್ಟಿದ್ದರಿಂದ ಮನೆಯಲ್ಲಿ ನನಗೆ ಹೆಚ್ಚಿನ ಪಾಲು ಬರುತ್ತದೆಯೇ? ಖಾತೆ ಬದಲಾಯಿಸದಿದ್ದರೆ ತೊಂದರೆ ಉಂಟೇ?

ನ್ಯಾಯದೇಗುಲ

ತೆರಿಗೆ ಕಟ್ಟಿದ್ದರಿಂದ ಪಾಲು ಹೆಚ್ಚುವುದಿಲ್ಲ. ನೀವು ಕಟ್ಟಿದ ಹಣದಲ್ಲಿ ಅವರವರ ಭಾಗವನ್ನು ಲೆಕ್ಕ ಇತ್ಯರ್ಥ ಮಾಡುವಾಗ ಕೇಳಬಹುದು, ಆದ್ದರಿಂದ ರಶೀದಿ ಮತ್ತು ಬ್ಯಾಂಕಿನ ದಾಖಲೆ ಇಟ್ಟುಕೊಂಡಿರಿ. ಖಾತೆ ಬದಲಾಯಿಸದೆ ಬಿಡಬೇಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಪತ್ರಗಳು, ಈ ವರ್ಷದವರೆಗಿನ ತೆರಿಗೆ ರಶೀದಿ ಇವುಗಳೊಂದಿಗೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಅರ್ಜಿ ಹಾಕಿ. ಉಯಿಲು ಇದ್ದರೆ ಅದನ್ನೂ ಲಗತ್ತಿಸಿ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆ, ಎಂದರೆ ಗಣಕೀಕೃತ ಖಾತೆ, ಇಲ್ಲದೆ ಮಾರಾಟದ ನೋಂದಣಿ ನಡೆಯುವುದಿಲ್ಲ. ಅಲ್ಲದೆ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಮನೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಇವುಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಂಡು ಆಮೇಲೆ ಅರ್ಜಿ ಸಲ್ಲಿಸಿ.

ಮಾವಿನತೋಪು

ಅಣ್ಣಂದಿರು ವಂಶವೃಕ್ಷಕ್ಕೆ ಸಹಿ ಹಾಕಲು ಒಪ್ಪದಿದ್ದರೆ?

ನ್ಯಾಯದೇಗುಲ

ಆಗ ಅದು ತೆರಿಗೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ವಿಭಾಗದ ದಾವೆಯ ಪ್ರಶ್ನೆಯಾಗುತ್ತದೆ. ಅದಕ್ಕೆ ಬೇರೆ ಚರ್ಚೆ ಆರಂಭಿಸಿ, ಮೂಲ ಪತ್ರ ಯಾರ ಹೆಸರಿನಲ್ಲಿದೆ, ಆಸ್ತಿ ತಂದೆಯವರ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನು ಅಲ್ಲಿ ಬರೆಯಿರಿ. ಈ ವರ್ಷದ ತೆರಿಗೆಯನ್ನು ಮಾತ್ರ ತಂದೆಯವರ ಹೆಸರಿನಲ್ಲಿಯೇ ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿಬಿಡಿ.